ನಾಲ್ಕು ಪ್ಲಸ್ ಒಂದು: ಡಿಸೆಂಬರಿನಲ್ಲಿ ನಾನು ಪದವಿ ತೆಗೆದುಕೊಳ್ಳಲಿಲ್ಲ

ನಾಲ್ಕು ವರ್ಷದ ಬಿ.ಎ. ಮತ್ತು ಒಂದು ವರ್ಷದ ಎಂ.ಎ. ಎರಡನ್ನೂ ‘ನಾಲ್ಕು ಪ್ಲಸ್ ಒಂದು’ ಎಂಬ ಒಂದೇ ಜೋಡಿ ಕೋರ್ಸಿನಲ್ಲಿ ಮುಗಿಸಿ ಸ್ಕೂಲ್ ಕೌನ್ಸೆಲರ್ ಆಗುತ್ತೇನೆ ಎಂದು ಹೊರಟಾಗ ನನಗೆ 36 ವರ್ಷ. ನ್ಯೂಜೆರ್ಸಿಗೆ ಬಂದು ಎರಡು ವರ್ಷವಾಗಿತ್ತು. ಹಾಸನದಲ್ಲಿ ಮುಗಿಸಿದ್ದ ಪಿಯುಸಿ ಬಿಟ್ಟರೆ ಬೇರೆ ಓದಿರಲಿಲ್ಲ. ನಮ್ಮವರಿಗೆ ದಿನಸಿ ಗೋದಾಮಿನಲ್ಲಿ ಕೆಲಸ. ನಮ್ಮನ್ನು ಇಲ್ಲಿಗೆ ಕರೆಸಿಕೊಂಡ ಅತ್ತಿಗೆಯವರು, “ಆರು ತಿಂಗಳು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತುಕೋ. ಮಕ್ಕಳ ಜೊತೆ ಕೂತು ಮಾತನಾಡುವುದಕ್ಕೆ ಯಾರು ಸಂಬಳ ಕೊಡುತ್ತಾರೆ?” ಎಂದರು. ಕಾಲೇಜಿನ ಸಲಹೆಗಾರರೊಬ್ಬರು ನನ್ನ ವಯಸ್ಸು ಕೇಳಿ, ಮೊದಲು ಬಿ.ಎ. ಮುಗಿಸಿ, ಉಳಿದದ್ದು ಆಮೇಲೆ ನೋಡೋಣ ಎಂದರು. ಈಗ ಸಾರ್ವಜನಿಕ ಶಾಲೆಯೊಂದರಲ್ಲಿ ಕೌನ್ಸೆಲರ್ ಆಗಿ ನನಗೆ ಎರಡನೆಯ ವರ್ಷ ನಡೆಯುತ್ತಿದೆ.

ಈ ದಾರಿಯಲ್ಲಿ ಈಗಾಗಲೇ ಇರುವವರಿಗೆ ಸರ್ಕಾರದ ವಿದ್ಯಾರ್ಥಿ ನೆರವಿಗೆ ಹಾಕುವ ಫಾಫ್ಸಾ ಅರ್ಜಿ, ಟ್ರಾನ್ಸ್‌ಕ್ರಿಪ್ಟ್ ಎಂಬ ಅಂಕಪಟ್ಟಿ ಇವೆಲ್ಲ ಗೊತ್ತು. ನಾನು ಹಣದ ವಿಷಯಕ್ಕೇ ಬರುತ್ತೇನೆ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಮುಗ್ಗರಿಸುವುದು ಅಲ್ಲಿಯೇ.

ಇಲ್ಲಿ ಓದನ್ನು ಅಳೆಯುವುದು ಕ್ರೆಡಿಟ್ ಲೆಕ್ಕದಲ್ಲಿ, ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರು. ಮೊದಲ 60 ಕ್ರೆಡಿಟ್ ಕೌಂಟಿ ಕಾಲೇಜಿನಲ್ಲಿ, ಅಂದರೆ ಸ್ಥಳೀಯ ಎರಡು ವರ್ಷದ ಕಾಲೇಜಿನಲ್ಲಿ, ಮಾಡಿದೆ. ಕ್ರೆಡಿಟ್ಟಿಗೆ 180 ಡಾಲರಿನ ಆಸುಪಾಸು ಇತ್ತೆಂದು ನೆನಪು. ಕಡಿಮೆ ಆದಾಯದ ಪದವಿ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಅದನ್ನು ಬಹುತೇಕ ತೀರಿಸಿತು. 2020ರಲ್ಲಿ ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿ ಪದವಿ ವಿದ್ಯಾರ್ಥಿಗಳಿಗೆ 12ರಿಂದ 18 ಕ್ರೆಡಿಟ್‌ವರೆಗೆ ಒಂದೇ ಶುಲ್ಕ. ಕೊನೆಯ ವರ್ಷದಲ್ಲಿ ನಾಲ್ಕು ಸ್ನಾತಕೋತ್ತರ ವಿಷಯಗಳನ್ನು, ಅಂದರೆ 12 ಕ್ರೆಡಿಟ್ಟುಗಳನ್ನು, ಆ ಶುಲ್ಕದಲ್ಲಿಯೇ ಓದಿ ಎರಡೂ ಪದವಿಗಳಿಗೆ ಲೆಕ್ಕ ಹಿಡಿಸಬಹುದು. ಎಂ.ಎ.ಗೆ ಸೇರಿದ ಮೇಲೆ ಅವೇ ಕ್ರೆಡಿಟ್ಟುಗಳಿಗೆ ಆಗ ತಲಾ 760 ಡಾಲರಿನಷ್ಟು ತೆರಬೇಕಿತ್ತು. ಜೋಡಿ ಓದಿನ ಲಾಭ ಇರುವುದೇ ಇಲ್ಲಿ. ಹೆಸರಿಗೆ ನಾಲ್ಕು ಪ್ಲಸ್ ಒಂದು ಅಷ್ಟೇ. ಕೇಕ್ರೆಪ್ (ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆಯ ಎಂ.ಎ. ಕೋರ್ಸು 60 ಕ್ರೆಡಿಟ್ ಕೇಳುತ್ತದೆ, ಅದು ಒಂದು ವರ್ಷದಲ್ಲಿ ಮುಗಿಯುವ ಮಾತಲ್ಲ. ನನಗೆ ಎರಡು ವರ್ಷ ಹಿಡಿಯಿತು. ನ್ಯೂಜೆರ್ಸಿಯ ಶಾಲಾ ಕೌನ್ಸೆಲರ್ ಪ್ರಮಾಣಪತ್ರಕ್ಕೆ 48 ಸಾಕು ಎಂದು ಕೆಲವರು ಅಷ್ಟಕ್ಕೇ ನಿಲ್ಲಿಸುತ್ತಾರೆ. ಮುಂದೆ ಶಾಲೆಯ ಹೊರಗೆ ಕೌನ್ಸೆಲಿಂಗ್ ಮಾಡಲು ಲೈಸೆನ್ಸ್ ಬೇಕೆಂದರೆ 60 ಆಗಲೇಬೇಕು.

ಜೋಡಿ ಕೋರ್ಸಿಗೆ ಹಾಕಿದ ಮೊದಲ ಅರ್ಜಿ ತಿರಸ್ಕೃತವಾಯಿತು. ಜಿಪಿಎ, ಅಂದರೆ ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್, 3.25 ಬೇಕಿತ್ತು, ಸಂಖ್ಯಾಶಾಸ್ತ್ರದ ಸಿ ಪ್ಲಸ್‌ನಿಂದಾಗಿ ನನ್ನದು 3.2ಕ್ಕೆ ನಿಂತಿತ್ತು. ಬೇಸಿಗೆಯಲ್ಲಿ ಎರಡು ವಿಷಯ ಓದಿ, ಎರಡರಲ್ಲಿಯೂ ಎ ತೆಗೆದುಕೊಂಡು ಮತ್ತೆ ಅರ್ಜಿ ಹಾಕಿದೆ. ಸಿಕ್ಕಿತು. ಆದರೆ ಆ ನಾಲ್ಕು ಸ್ನಾತಕೋತ್ತರ ವಿಷಯಗಳಲ್ಲಿ ಒಂದಾದ ಸಂಶೋಧನಾ ವಿಧಾನದಲ್ಲಿ ಬಿ ಮೈನಸ್ ಬಂತು. ಬಿ ಗ್ರೇಡಿಗಿಂತ ಕೆಳಗೆ ಬಂದರೆ ಅದು ಎಂ.ಎ.ಗೆ ಲೆಕ್ಕಕ್ಕಿಲ್ಲ. ಅದನ್ನೇ ಆಮೇಲೆ ಪೂರ್ತಿ ದರ ಕೊಟ್ಟು ಓದಿದೆ, 2,300 ಡಾಲರ್ ಹೋಯಿತು. ಎರಡು ಕಠಿಣ ವಿಷಯಗಳನ್ನು ಒಂದೇ ಸೆಮಿಸ್ಟರಿಗೆ ಹಾಕಿಕೊಳ್ಳಬಾರದಿತ್ತು.

ಬೇಸಿಗೆಯ ಕ್ರೆಡಿಟ್ಟುಗಳಿಂದ ಇನ್ನೊಂದು ಅಪಾಯ ಬಂದೊದಗಿತು. ಬಿ.ಎ. ಡಿಸೆಂಬರಿಗೇ ಮುಗಿಯುವಂತಾಯಿತು. ಬೇಗ ಮುಗಿದರೆ ಒಳ್ಳೆಯದೆಂದು ಪದವಿಯ ಅರ್ಜಿಗೆ ಸಹಿ ಹಾಕಿ ಕೊಟ್ಟುಬಿಟ್ಟೆ. ನವೆಂಬರಿನಲ್ಲಿ ಒಂದು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಬರೆಯುತ್ತಾ ಕೂತಾಗ ಎದೆ ಧಸಕ್ಕೆಂದಿತು. ಬಿ.ಎ. ಕೈಗೆ ಬಂದ ದಿನವೇ ಪೆಲ್ ನಿಲ್ಲುತ್ತದೆ, ಪದವಿ ವಿದ್ಯಾರ್ಥಿಗಳ ಶುಲ್ಕಕ್ಕೆ ರಾಜ್ಯ ಕೊಡುವ ಟ್ಯಾಗ್ ಅನುದಾನವೂ ನಿಲ್ಲುತ್ತದೆ. ವಸಂತದ ಸೆಮಿಸ್ಟರಿನ ಶುಲ್ಕವನ್ನು ಬಹುಮಟ್ಟಿಗೆ ಕಟ್ಟಬೇಕಾಗಿದ್ದುದು ಆ ಎರಡೇ. ಅವಿಲ್ಲದೆ ಉಳಿದ ಎರಡು ಸ್ನಾತಕೋತ್ತರ ವಿಷಯಗಳಿಗೆ ಎಂ.ಎ. ದರದಲ್ಲಿ ನಾಲ್ಕೂವರೆ ಸಾವಿರ ಸಾಲ ಮಾಡಬೇಕಿತ್ತು. ಮರುದಿನ ಬೆಳಿಗ್ಗೆಯೇ ಹೋಗಿ ಅರ್ಜಿ ಹಿಂದಕ್ಕೆ ಪಡೆದು, ಪದವಿಯನ್ನು ಮೇ ತಿಂಗಳಿಗೆ ಮುಂದೂಡಿಸಿದೆ. ಅವಧಿ ಮೀರಲು ನಾಲ್ಕೋ ಐದೋ ದಿನ ಉಳಿದಿದ್ದವು. ಆ ಸೆಮಿಸ್ಟರಿಗೆ ಪದವಿಗೆ ಬೇಕಾದ ಯಾವ ವಿಷಯವನ್ನು ಉಳಿಸಿಕೊಂಡೆ, ಕಚೇರಿಯಲ್ಲಿ ಅದನ್ನು ಹೇಗೆ ವಿವರಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅಷ್ಟು ಕಷ್ಟಪಟ್ಟು ಕಲಿತದ್ದು ನನ್ನ ಬಳಿಯೇ ಇರಲಿ. 12 ಕ್ರೆಡಿಟ್ಟುಗಳಲ್ಲಿ ಬಿ ಮೈನಸ್‌ನ ಮೂರು ಕಳೆದು ಒಂಬತ್ತರ ಎಂ.ಎ. ಶುಲ್ಕ ಉಳಿತಾಯವಾಯಿತು, ಏಳು ಸಾವಿರ ಡಾಲರಿನ ಹತ್ತಿರ. ಇದು ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಕಂಡುಕೊಂಡದ್ದು.

ಎಂ.ಎ.ಯಲ್ಲಿ ಶಾಲೆಯೊಳಗೇ ಕೆಲಸ ಕಲಿಯಬೇಕು: ಮೊದಲ ಹಂತದ ಪ್ರಾಕ್ಟಿಕಮ್ 100 ಗಂಟೆ, ಆಮೇಲೆ ಇಂಟರ್ನ್‌ಶಿಪ್ 600 ಗಂಟೆ, ಬಿಡಿಗಾಸೂ ಇಲ್ಲದೆ. ಮಕ್ಕಳ ಡೇಕೇರ್‌ನಲ್ಲಿದ್ದ ಕೆಲಸವನ್ನು ಬಿಡಬೇಕಾಯಿತು, ತಿಂಗಳಿಗೆ 1,400 ಡಾಲರ್ ಕೈತಪ್ಪಿತು. ಅಪರಾಧದ ಹಿನ್ನೆಲೆ ನೋಡುವ ಬೆರಳಗುರುತಿನ ತಪಾಸಣೆಗೆ ತಡವಾಗಿ ಹೋದದ್ದರಿಂದ ಮೊದಲ ಮೂರು ವಾರ ಶಾಲೆಯೊಳಗೆ ಕಾಲಿಡುವಂತಿರಲಿಲ್ಲ. ಆ ಗಂಟೆಗಳನ್ನು ಜೂನ್‌ವರೆಗೆ ಎಳೆದು ತುಂಬಿಸಿದೆ. ಇಂಟರ್ನ್‌ಶಿಪ್‌ನ ನೇಮಕದ ಪತ್ರ ಬಂದ ದಿನವೇ ಬೆರಳಗುರುತಿಗೆ ಸಮಯ ಗೊತ್ತುಮಾಡಿಕೊಳ್ಳಿ.

600ರಲ್ಲಿ 240 ಗಂಟೆ ನೇರವಾಗಿ ಮಕ್ಕಳೊಂದಿಗೇ ಕಳೆಯಬೇಕು, ಜೊತೆಯವರೆಲ್ಲ ಹಿಂದೆ ಬಿದ್ದದ್ದು ಅದರಲ್ಲಿಯೇ. ನಾನು ಊಟದ ವೇಳೆಯಲ್ಲಿ ಗುಂಪುಗಳನ್ನು ಕಟ್ಟಿದೆ. ಹೊಸದಾಗಿ ಬಂದ ನಮ್ಮ ಕಡೆಯ ನಾಲ್ವರು ಮಕ್ಕಳು ಬಾಯಿಯೇ ಬಿಡುತ್ತಿರಲಿಲ್ಲ. ರಟ್ಟಿನ ಮೇಲೆ ಚೌಕಾಬಾರದ ಮನೆ ಬರೆದು, ಊರಿನಿಂದ ತಂದಿದ್ದ ಕವಡೆ ಕೊಟ್ಟೆ. ಮೂರನೆಯ ವಾರ ಒಬ್ಬಳು ಕಾಯಿ ನಡೆಸುತ್ತಲೇ, ಬಸ್ಸಿನಲ್ಲಿ ತನ್ನ ಪಕ್ಕ ಯಾರೂ ಕೂರುವುದಿಲ್ಲ ಎಂದಳು. ನಾನು ತಲೆಯೆತ್ತದೆ ಕವಡೆ ಹಾಕಿದೆ. ಮಿಕ್ಕದ್ದನ್ನು ಅವಳೇ ಹೇಳಿದಳು.

ಭಾವನೆಗಳ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿದ ಪ್ರಯೋಗ ಮಾತ್ರ ಸೋತಿತು. ‘ಆತಂಕ’ ಎಂದರೆ ಮಕ್ಕಳು ಪಿಳಿಪಿಳಿ ನೋಡಿದರು. ‘ಹೊಟ್ಟೆಯಲ್ಲಿ ತಳಮಳ’ ಎಂದಾಗ ಒಬ್ಬ ತಟ್ಟನೆ ಹೊಟ್ಟೆ ಮುಟ್ಟಿಕೊಂಡ. ಪೋಷಕರಿಗೆ ಫೋನ್ ಮಾಡುವಾಗಲೂ ಹಾಗೆಯೇ. ಕೌನ್ಸೆಲರ್ ಎಂದೊಡನೆ ಮಗುವಿಗೆ ತಲೆ ಕೆಟ್ಟಿದೆಯೆಂದು ಹೇಳುತ್ತಿದ್ದಾರೆ ಎಂಬ ದಿಗಿಲು ಅವರಿಗೆ. “ಶಾಲೆಯಲ್ಲಿ ನಿಮ್ಮ ಮಗುವಿನ ಜೊತೆ ಕೂರುವವಳಮ್ಮ ನಾನು” ಎಂದು ಶುರುಮಾಡಿದ ಮೇಲೆ ಯಾರೂ ಫೋನ್ ಇಡಲಿಲ್ಲ. ಆ ವರ್ಷ 270 ನೇರ ಗಂಟೆಗಳಾದವು, ನಮ್ಮ ತಂಡದಲ್ಲಿ ಅದೇ ಹೆಚ್ಚು. ಎಂ.ಎ. ಕೈಗೆ ಬರುವ ಮೊದಲೇ ಅದೇ ಶಾಲೆ ಕೆಲಸಕ್ಕೆ ಕರೆಯಿತು.

ಆರಂಭದ ಸಂಬಳ ವರ್ಷಕ್ಕೆ 61 ಸಾವಿರದಷ್ಟು. ಸಾಲ ಇನ್ನೂ 31 ಸಾವಿರ ಇದೆ. ಸಾರ್ವಜನಿಕ ಶಾಲೆಯ ಕೆಲಸವಾದ್ದರಿಂದ ಆದಾಯಕ್ಕೆ ತಕ್ಕಂತೆ 120 ಕಂತು ಕಟ್ಟಿದರೆ ಉಳಿದ ಸಾಲವನ್ನು ಸರ್ಕಾರ ಮನ್ನಾ ಮಾಡುತ್ತದೆ. ಅದಕ್ಕೆ ಬೇಕಾದ ಉದ್ಯೋಗ ದೃಢೀಕರಣದ ನಮೂನೆಯನ್ನು ವರ್ಷಕ್ಕೊಮ್ಮೆ ತುಂಬಿ ಕಳುಹಿಸುತ್ತೇನೆ. ಹದಿನಾಲ್ಕು ಕಂತು ಕಟ್ಟಿದ್ದೇನೆ. ಕಳೆದ ತಿಂಗಳು ಅತ್ತಿಗೆಯವರು ತಮ್ಮ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು, ಅವಳಿಗೂ ಇದನ್ನೇ ಓದಬೇಕಂತೆ. ಆ ಸೆಮಿಸ್ಟರಿನ ಲೆಕ್ಕ ಬರೆದಿದ್ದ ಪುಸ್ತಕವನ್ನು ಅವಳ ಕೈಗೆ ಕೊಟ್ಟೆ.