ಗಂಡ-ಹೆಂಡತಿ ಇಬ್ಬರಿಗೂ ಡ್ಯೂಟಿ ಇದ್ದಾಗ ವಾರ ಹೊಂದಿಸುವುದು ಹೇಗೆ?

ರವಿವಾರ ಸಂಜೆ 20 ನಿಮಿಷ ತೆಗೆದಿಡಿ. ಗೋಡೆಯ ಕ್ಯಾಲೆಂಡರ್ ಮೇಲೆ ಎರಡು ಬಣ್ಣದ ಪೆನ್ನಿನಲ್ಲಿ ಇಬ್ಬರ ಡ್ಯೂಟಿಯನ್ನೂ ಬರೆಯಿರಿ. ಡ್ಯೂಟಿ ಸಮಯ ಬರೆದರೆ ಸಾಲದು, ಮನೆ ಬಿಡುವ ಮತ್ತು ಮನೆ ಮುಟ್ಟುವ ಸಮಯ ಬೇಕು. ಕಲಬುರಗಿಯಲ್ಲಿದ್ದು ಯಾದಗಿರಿಗೆ ದಿನಾ ರೈಲಿನಲ್ಲಿ ಹೋಗಿಬರುವವರ ದಿನ ಕಚೇರಿ ಬಾಗಿಲು ಹಾಕಿದ ಕೂಡಲೇ ಮುಗಿಯುವುದಿಲ್ಲ. ಇದು ಲೆಕ್ಕಕ್ಕೆ ಬರದಿದ್ದರೆ 'ಐದಕ್ಕೇ ಬಿಡ್ತದಲ್ಲ, ಇಷ್ಟೊತ್ತು ಎಲ್ಲಿದ್ರಿ?' ಎಂಬಲ್ಲಿಂದ ಜಗಳ ಶುರುವಾಗುತ್ತದೆ.

ನಮ್ಮ ಭಾಗದಲ್ಲಿ ಹೊಂದಾಣಿಕೆ ಹೆಚ್ಚು ತಪ್ಪುವುದು ಬೇಸಿಗೆಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಬ್ಯಾಂಕು, ಅಂಗಡಿ, ಖಾಸಗಿ ಆಸ್ಪತ್ರೆಗಳಿಗೆ ಆ ವೇಳೆ ಇಲ್ಲ. ಬೇಗ ಮನೆಗೆ ಬಂದವರ ಮೇಲೆ ಮಕ್ಕಳು, ನೀರು, ಅಡುಗೆ ಎಲ್ಲವೂ ಬೀಳುತ್ತದೆ. ಅವರು ಬೆಳಗಿನ 5ಕ್ಕೇ ಎದ್ದಿರುವುದು ಮರೆತುಹೋಗುತ್ತದೆ. ಹಾಗಾಗಿ ಈ ಎರಡು ತಿಂಗಳಿಗೆ ಕೆಲಸ ಹೊಸದಾಗಿ ಹಂಚಿಕೊಳ್ಳಿ: ಬೆಳಗಿನ ಡಬ್ಬಿ, ಮಕ್ಕಳ ತಯಾರಿ ತಡವಾಗಿ ಹೊರಡುವವರದು. ಬೇಗ ಬಂದವರಿಗೆ ಊಟದ ನಂತರ ಒಂದು ತಾಸು ನಿದ್ದೆ, ಆಗ ಯಾವ ಕೆಲಸವನ್ನೂ ಫೋನಿನಲ್ಲಿ ಹೇಳಬೇಡಿ.

ಕೆಲಸ ಹಂಚುವಾಗ ಪೂರ್ತಿ ಹಂಚಿ. 'ಗ್ಯಾಸ್ ಬುಕ್ ಮಾಡ್ರಿ' ಎಂದು ನೆನಪಿಸುವ ಹೊರೆ ಒಬ್ಬರ ಮೇಲೇ ಉಳಿದರೆ ಅರ್ಧ ಕೆಲಸ ಅವರದೇ. ಗ್ಯಾಸ್ ಒಬ್ಬರದಾದರೆ ಮುಗಿಯುತ್ತಿರುವುದನ್ನು ನೋಡುವುದು, ಬುಕ್ ಮಾಡುವುದು, ಸಿಲಿಂಡರ್ ಇಳಿಸಿಕೊಳ್ಳುವುದು ಮೂರೂ ಅವರದೇ. ನಳ ಬರುವ ದಿನದ ನೀರಿಗೂ ಇದೇ ಕ್ರಮ.

ದಿನಾ ರೊಟ್ಟಿ ಬಡಿಯಲೇಬೇಕೆಂಬ ಹಟ ಬಿಡಿ. ಖಡಕ್ ರೊಟ್ಟಿ ತೇವ ತಾಗದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು ಜೊತೆಗಿದ್ದರೆ ಪಲ್ಯ ಒಂದೇ ಸಾಕು. ಅತ್ತೆಯವರಿಗೆ ಇದು ಒಪ್ಪಿಗೆಯಾಗದಿದ್ದರೆ ಸೊಸೆಯ ಬಾಯಿಂದ ಹೇಳಿಸಬೇಡಿ, ಮಗನೇ ಹೇಳಲಿ.

ನೈಟ್ ಡ್ಯೂಟಿ ಮುಗಿಸಿ ಬಂದವರ ಹತ್ತಿರ ಬೆಳಿಗ್ಗೆಯೇ ರೊಕ್ಕ, ಫೀಸು, ಬಾಡಿಗೆಯ ಮಾತು ತೆಗೆಯಬೇಡಿ. ನಿದ್ದೆಗೆಟ್ಟ ತಲೆಗೆ ಸಾದಾ ಪ್ರಶ್ನೆಯೂ ಆರೋಪದಂತೆ ಕೇಳುತ್ತದೆ. ಬೇರೆ ದಿನವೂ ಮನೆ ಮುಟ್ಟಿದ ಮೊದಲ ಅರ್ಧ ತಾಸು ಚಹಾ, ಸ್ನಾನಕ್ಕೆ ಮಾತ್ರ. ಮೇಲಧಿಕಾರಿ ಮೇಲಿನ ಸಿಟ್ಟು ಇನ್ನೂ ಇಳಿಯದಿದ್ದರೆ 'ಇವತ್ತು ಆಫೀಸಿನಾಗ ತ್ರಾಸ್ ಆಗ್ಯದ, ನಿನ್ನ ಮ್ಯಾಲ ಸಿಟ್ಟಿಲ್ಲ' ಎಂದು ಮೊದಲೇ ಹೇಳಿಬಿಡಿ.

ಮೂರು ವಾರ ಸತತವಾಗಿ ಇಬ್ಬರಿಗೂ ಒಟ್ಟಿಗೆ ಬಿಡುವಿನ ಒಂದು ಹೊತ್ತೂ ಕ್ಯಾಲೆಂಡರಿನಲ್ಲಿ ಸಿಗದಿದ್ದರೆ ಮನೆಯೊಳಗಿನ ಹಂಚಿಕೆಯಿಂದ ಅದು ಸರಿಹೋಗದು. ಪಾಳಿ ಬದಲಾವಣೆಗೆ ಅರ್ಜಿ ಕೊಡಿ. ಇಬ್ಬರೂ ಸರ್ಕಾರಿ ನೌಕರರಾಗಿ ಬೇರೆ ಬೇರೆ ಊರಲ್ಲಿದ್ದರೆ ಪತಿ-ಪತ್ನಿ ಪ್ರಕರಣದಡಿ ವರ್ಗಾವಣೆ ಕೇಳಿ.