ಹದ ಹಿಡೀದ ಚಾಕು: ನನ್ನ ಅನುಭವ

ಪಕ್ಕದ್ಮನೆ ಹುಡುಗ ನನ್ನ ಹತ್ರ ಚಾಕು ಮಾಡೋದು ಕಲೀತಿದಾನೆ, ಅರ, ಹ್ಯಾಕ್ಸಾ, ಇದ್ದಿಲು ಒಲೆ ಅಷ್ಟೇ ಸಾಮಾನು. ಎಷ್ಟು ಕಾಸಿ ಎಣ್ಣೇಲಿ ಅದ್ದಿದ್ರೂ ಅಲಗು ಗಟ್ಟಿ ಆಗ್ತಿರ್ಲಿಲ್ಲ, ಎರಡು ಟೊಮೇಟೊ ಹೆಚ್ಚಿದ್ರೆ ಮೊಂಡು. ಅವ್ನಿಗೆ ಎಣ್ಣೆ ಮೇಲೆ ಡೌಟು, ಕೇಳಿದ್ರೆ ಪಟ್ಟಿ ತಂದಿದ್ದು ಗ್ರಿಲ್ ಅಂಗಡಿಯಿಂದ, ಅಂದ್ರೆ ಎಂಎಸ್ (ಮೈಲ್ಡ್ ಸ್ಟೀಲ್, ಮೆತ್ತನೆ ಉಕ್ಕು), ಕಾರ್ಬನ್ನೇ ಕಮ್ಮಿ, ಹದ ಎಲ್ಲಿಂದ ಹಿಡೀಬೇಕು ಹೇಳಿ!

ಗುಜರಿಯಿಂದ ಲಾರಿ ಸ್ಪ್ರಿಂಗ್ ಪಟ್ಟಿ ತರಿಸ್ದೆ. ಕೆಂಪಗೆ ಕಾಸಿ ರಾತ್ರಿಯೆಲ್ಲಾ ಬೂದೀಲಿ ಹೂತಿಟ್ಮೇಲೆ ಮೆತ್ತಗಾಗಿ ಅರಕ್ಕೆ ಬಗ್ತು. ಶೇಪ್ ಆದ್ಮೇಲೆ, ಮ್ಯಾಗ್ನೆಟ್ ಅಂಟದಷ್ಟು ಕಾಯಿಸಿ, ಇನ್ನೊಂಚೂರು ಬಿಸಿ ಕೊಟ್ಟು, ಬೆಚ್ಚಗಿನ ಎಣ್ಣೇಲಿ ನೆಟ್ಟಗೆ ಅದ್ದಿಸ್ದೆ, ಅಡ್ಡಡ್ಡ ಆಡಿಸಿದ್ರೆ ಸೊಟ್ಟ ಆಗತ್ತೆ. ಈ ಸಲ ಅರ ಗಾಜಿನ ಮೇಲೆ ಜಾರಿದಂಗೆ ಜಾರ್ತು, ಅಂದ್ರೆ ಅಲಗು ಗಟ್ಟಿ ಆಯ್ತು. ಆಮೇಲೆ ಉಜ್ಜಿ ಹೊಳಪು ಮಾಡಿ ಓವನ್‌ನಲ್ಲಿ 200 ಡಿಗ್ರಿ, ಒಣಹುಲ್ಲಿನ ಬಣ್ಣ ಬರೋವರೆಗೂ. ಈ ಕೊನೇ ಬಿಸಿ ಕೊಡದೇ ಇದ್ರೆ ಕೆಳಗೆ ಬಿದ್ದಾಗ ಪಟ್ ಅಂತ ಮುರಿಯತ್ತೆ. ಹಿಡಿಗೆ ಈಗ ಹಲಸಿನ ತುಂಡು ಹುಡುಕ್ತಿದಾನೆ.