ಲ್ಯಾಪ್‌ಲ್ಯಾಂಡಿನ ಕಾಡಿನಲ್ಲಿ ಯುದ್ಧದ ಕುರುಹು ಹುಡುಕುವವರಿಗೆ

ಮಂಗಳೂರಿನ ಬೈಕಂಪಾಡಿಯಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ಮಗಳು ಇರುವುದು ಫಿನ್‌ಲ್ಯಾಂಡಿನ ಉತ್ತರದ ಲ್ಯಾಪ್‌ಲ್ಯಾಂಡ್ ಪ್ರಾಂತ್ಯದ ರೊವಾನಿಯೆಮಿಯಲ್ಲಿ. ಅವಳಲ್ಲಿಗೆ ಹೋದಾಗೆಲ್ಲ ನಾವಿಬ್ಬರೂ ಕಾಡು ಸುತ್ತುತ್ತೇವೆ. ಈಗ ಮಂಗಳೂರು, ಉಡುಪಿ ಕಡೆಯ ಮಕ್ಕಳು ಅಲ್ಲಿಗೆ ಓದಲು ಜಾಸ್ತಿ ಹೋಗುತ್ತಿದ್ದಾರೆ. ಕಾಡಿನಲ್ಲಿ ಏನಾದರೂ ತುಕ್ಕು ಹಿಡಿದದ್ದು ಕಂಡರೆ ಫೋಟೋ ತೆಗೆದು ನನಗೆ ಕಳಿಸುತ್ತಾರೆ. "ಅಂಕಲ್, ಇದು ಎಂತದು?" ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ನೆಲದಲ್ಲಿ ಐದು ವರ್ಷದೊಳಗೆ ಮೂರು ಯುದ್ಧ ಶುರುವಾದವು. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ನುಗ್ಗಿತು. ಅದು 1940ರ ಮಾರ್ಚ್‌ಗೆ ಮುಗಿಯಿತು. 1941ರಲ್ಲಿ ಫಿನ್ನರು ಜರ್ಮನ್ನರ ಜೊತೆ ನಿಂತು ಮತ್ತೆ ಸೋವಿಯತ್ ಜೊತೆ ಹೋರಾಡಿದರು. 1944ರ ಸೆಪ್ಟೆಂಬರ್‌ನಲ್ಲಿ ಕದನವಿರಾಮ ಆಯಿತು. ಆಮೇಲೆ ಅದೇ ಜರ್ಮನ್ನರನ್ನು ಓಡಿಸುವ ಕೆಲಸ ಫಿನ್ನರ ತಲೆಗೆ ಬಂತು. ಉತ್ತರದಲ್ಲಿ ಆಗ ಎರಡು ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರಿದ್ದರು. ಹಿಂದೆ ಸರಿಯುತ್ತಾ ಅವರು ಸೇತುವೆ ಒಡೆದರು, ಊರು ಸುಟ್ಟರು, ನೆಲಬಾಂಬು ಹೂತರು. ಅಕ್ಟೋಬರ್‌ನಲ್ಲಿ ರೊವಾನಿಯೆಮಿಯೇ ಬೂದಿಯಾಯಿತು. ಈ ಮೂರೂ ಯುದ್ಧಗಳ ಸಾಮಾನು ಒಂದೇ ಕಾಡಿನಲ್ಲಿ ಬಿದ್ದಿದೆ. ಯಾವುದು ಯಾವಾಗಿನದು ಎಂದು ಬಿಡಿಸುವುದೇ ನಿಜವಾದ ಕೆಲಸ.

ಹುಡುಕುವುದಕ್ಕೆ ಒಳ್ಳೆಯ ಸಮಯ ಹಿಮ ಕರಗಿದ ಕೂಡಲೇ, ಗಿಡಗಂಟಿ ಏಳುವ ಮೊದಲು. ಇಲ್ಲದಿದ್ದರೆ ಸೆಪ್ಟೆಂಬರ್. ಜುಲೈಯಲ್ಲಿ ಸೊಳ್ಳೆ ನಿಲ್ಲಲು ಬಿಡುವುದಿಲ್ಲ.

ಹೊರಡುವ ಮೊದಲು ಮನೆಯಲ್ಲೇ ಒಂದು ಸಂಜೆ ಕೂರಿ. ಲೇಸರ್ ಬಳಸಿ ಮಾಡಿದ ನೆಲದ ಉಬ್ಬುತಗ್ಗಿನ ನಕ್ಷೆಯನ್ನು ಫಿನ್‌ಲ್ಯಾಂಡಿನ ಭೂಮಾಪನ ಇಲಾಖೆ ಎಲ್ಲರಿಗೂ ಪುಕ್ಕಟೆ ಕೊಡುತ್ತದೆ. ಅದರಲ್ಲಿ ಮರಗಳು ಕಾಣುವುದಿಲ್ಲ, ಕಂದಕದ ಗೆರೆ ಕಾಣುತ್ತದೆ. ಫಿನ್ನಿಷ್ ಸೇನೆಯ ಹಳೆಯ ಫೋಟೋಗಳ ಭಂಡಾರವೂ 2013ರಿಂದ ಇಂಟರ್‌ನೆಟ್ಟಿನಲ್ಲಿದೆ, ಸುಮಾರು 1,60,000 ಚಿತ್ರ. ಊರಿನ ಹೆಸರು ಹಾಕಿ ನೋಡಿ.

ಕಾಡಿಗೆ ಇಳಿದ ಮೇಲೆ ಕಬ್ಬಿಣ ಹುಡುಕಬೇಡಿ, ಆಕಾರ ಹುಡುಕಿ. ಕಾಡು ತಾನಾಗಿ ನೇರ ಗೆರೆ ಎಳೆಯುವುದಿಲ್ಲ. ಚೌಕದ ಗುಂಡಿ, ಅಂಕುಡೊಂಕಾಗಿ ಓಡುವ ಕಂದಕ, ಬಂಡೆಯ ಮೇಲೆ ಎದೆಮಟ್ಟಕ್ಕೆ ಪೇರಿಸಿದ ಕಲ್ಲು, ಇವೆಲ್ಲ ಮನುಷ್ಯರು ಮಾಡಿದ್ದು. ಬರೀ ಪೈನ್ ಮತ್ತು ಕಲ್ಲುಹೂವು ಇರುವ ಕಡೆ ಇದ್ದಕ್ಕಿದ್ದ ಹಾಗೆ ತುರಿಕೆ ಗಿಡದ ಗುಂಪು ಕಂಡರೆ ನಿಂತುಬಿಡಿ. ಜನ, ಕುದುರೆ ಇದ್ದ ನೆಲಕ್ಕೆ ಗೊಬ್ಬರ ಸಿಕ್ಕಿರುತ್ತದೆ, ಅದು ಬೇಗ ಮುಗಿಯುವುದಿಲ್ಲ.

ಇನ್ನು ತೋಟಾ, ಅಂದರೆ ಕೋವಿಯ ಗುಂಡು ಕೂರುವ ಲೋಹದ ಕೊಳವೆ. ಎಲ್ಲಕ್ಕಿಂತ ಹೆಚ್ಚು ಸಿಗುವುದೂ ಇದೇ, ಹೆಚ್ಚು ಮಾತಾಡುವುದೂ ಇದೇ. ಮೊದಲು ಬಾಯಿ ನೋಡಿ. ಗುಂಡು ಇನ್ನೂ ಕೂತಿದ್ದರೆ ಮುಟ್ಟಬೇಡಿ, ಅಷ್ಟೇ. ಬಾಯಿ ಖಾಲಿ ಇದ್ದು, ತಳದ ನಡುವಿನ ಚುಕ್ಕೆಯಲ್ಲಿ ಸೂಜಿ ಹೊಡೆದ ತಗ್ಗು ಇದ್ದರೆ ಅದು ಹಾರಿಸಿದ ತೋಟಾ. ಈಗ ತಳದ ಅಂಚು ನೋಡಿ. ಅಂಚು ದೇಹಕ್ಕಿಂತ ಹೊರಗೆ ಚಾಚಿದ್ದರೆ ಅದು ಸೋವಿಯತ್ ಅಥವಾ ಫಿನ್ನಿಷ್ ರೈಫಲ್ಲಿನದು. ಅಂಚು ಚಾಚದೆ, ಅದರ ಮೇಲೆ ಸುತ್ತಲೂ ಲೇತ್‌ನಲ್ಲಿ ಕೊರೆದಂತೆ ತಗ್ಗಾದ ಗೆರೆ ಇದ್ದರೆ ಹೆಚ್ಚಿನಂಶ ಜರ್ಮನ್ ಮೌಸರ್ ರೈಫಲ್ಲಿನದು.

ತಳದಲ್ಲಿ ಅಕ್ಷರಗಳಿರುತ್ತವೆ. ಉಜ್ಜಬೇಡಿ. ಟಾರ್ಚನ್ನು ಪಕ್ಕಕ್ಕೆ ಓರೆಯಾಗಿ ಹಿಡಿಯಿರಿ, ನೆರಳಿನಲ್ಲಿ ಅಕ್ಷರ ಎದ್ದು ಬರುತ್ತದೆ. ವಿ.ಪಿ.ಟಿ. ಮತ್ತು ವರ್ಷ ಇದ್ದರೆ ಫಿನ್ನರ ಸರ್ಕಾರಿ ಕಾರ್ಖಾನೆ, ಲಾಪುವಾ ಊರಿನದು. ಕಾರ್ಖಾನೆಯ ಸಂಖ್ಯೆ ಮತ್ತು ವರ್ಷ ಮಾತ್ರ ಇದ್ದರೆ ಹೆಚ್ಚಿನಂಶ ಸೋವಿಯತ್. 3 ಎಂದರೆ ಉಲ್ಯಾನೋವ್ಸ್ಕ್ ಊರಿನ ಕಾರ್ಖಾನೆ. ಜರ್ಮನ್ ತೋಟಾದ ಸುತ್ತ ನಾಲ್ಕು ಗುರುತು: ಕಾರ್ಖಾನೆ, ಲೋಹ, ಲಾಟ್ (ಒಟ್ಟಿಗೆ ಮಾಡಿದ ಕಂತಿನ ಸಂಖ್ಯೆ), ವರ್ಷ. ಎಸ್ ಪಕ್ಕ ನಕ್ಷತ್ರ ಇದ್ದರೆ ಹಿತ್ತಾಳೆ, ಎಸ್.ಟಿ. ಇದ್ದರೆ ಉಕ್ಕು. ಚಿಕ್ಕ ಮ್ಯಾಗ್ನೆಟ್ ಹಿಡಿದರೂ ಗೊತ್ತಾಗುತ್ತದೆ. ಹಿತ್ತಾಳೆ ಹಸಿರು ಬರುತ್ತದೆ, ಅಲ್ಯೂಮಿನಿಯಂ ಬಿಳಿ ಪುಡಿ ಬಿಡುತ್ತದೆ, ಉಕ್ಕು ಕೆಂಪಾಗಿ ಪದರ ಪದರ ಏಳುತ್ತದೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಸೋವಿಯತ್ ತೋಟಾ ಸಿಕ್ಕಿದ ಮಾತ್ರಕ್ಕೆ ಅಲ್ಲಿ ಸೋವಿಯತ್ ಸೈನಿಕ ಇದ್ದ ಎಂದಲ್ಲ. ಫಿನ್ನರ ಕೋವಿಗೂ ಅದು ಹಿಡಿಸುತ್ತಿತ್ತು, ವಶಪಡಿಸಿಕೊಂಡದ್ದನ್ನು ಅವರು ಧಾರಾಳವಾಗಿ ಬಳಸಿದರು. ತಳದಲ್ಲಿ 39 ಎಂದಿದ್ದರೆ ಅದು ಮಾಡಿದ ವರ್ಷ, ಹಾರಿಸಿದ ವರ್ಷ ಅಲ್ಲ. ಹಾಗಾಗಿ ಒಂದು ತೋಟಾ ಸಾಕ್ಷಿಯಾಗುವುದಿಲ್ಲ. ಎಷ್ಟು ಬಿದ್ದಿವೆ, ಕಂದಕದ ಯಾವ ಬದಿಯಲ್ಲಿ ಬಿದ್ದಿವೆ, ಜೊತೆಗೆ ಇನ್ನೇನಿದೆ, ಅದೇ ಸಾಕ್ಷಿ. ನದಿಯ ಒಂದು ದಡದಲ್ಲಿ ವಿ.ಪಿ.ಟಿ., ಎದುರು ದಡದಲ್ಲಿ ಜರ್ಮನ್ ತೋಟಾಗಳ ರಾಶಿ ಕಂಡರೆ ಅದು 1944ರ ಶರತ್ಕಾಲದ ಕಾಳಗ ಆಗಿರಬಹುದು. ನೀವು ನಾಲ್ಕು ತೋಟಾ ಜೇಬಿಗೆ ಹಾಕಿಕೊಂಡರೆ ಈ ಓದು ಶಾಶ್ವತವಾಗಿ ಹೋಯಿತು. ದಯವಿಟ್ಟು ಇದ್ದಲ್ಲೇ ಬಿಡಿ. ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಹತ್ತಿರದಿಂದ ಒಂದು, ದೂರದಿಂದ ಒಂದು. ಜಿ.ಪಿ.ಎಸ್. ಅಂಕೆ ಬರೆದುಕೊಳ್ಳಿ.

ದೊಡ್ಡ ಸಾಮಾನು ಗುರುತಿಸುವುದು ಸುಲಭ. 200 ಲೀಟರಿನ ಡ್ರಮ್ಮಿನ ಮೇಲೆ ಉಬ್ಬಿದ ಅಕ್ಷರದಲ್ಲಿ ವೆಹ್ರ್‌ಮಾಖ್ಟ್ (ಆಗಿನ ಜರ್ಮನ್ ಸೇನೆ) ಎಂದೂ ವರ್ಷವೂ ಇರುತ್ತದೆ. ಮೂರು ಹಿಡಿಕೆಯ 20 ಲೀಟರ್ ಕ್ಯಾನು, ಗೆರೆಗೆರೆಯ ಉದ್ದ ಡಬ್ಬಿ (ಗ್ಯಾಸ್ ಮಾಸ್ಕಿನದು), ಇವೂ ಹೆಚ್ಚಿನಂಶ ಜರ್ಮನ್ನರವೇ.

ನಡುವೆ ತೂತುಗಳ ಸಾಲಿರುವ ಅಂಡಾಕಾರದ ಲೋಹದ ಬಿಲ್ಲೆ ಕಂಡರೆ ಅಲ್ಲೇ ನಿಲ್ಲಿ. ಅದು ಸೈನಿಕನ ಗುರುತಿನ ಬಿಲ್ಲೆ. ಸತ್ತರೆ ಅರ್ಧ ಮುರಿದು ಕಚೇರಿಗೆ ಕಳಿಸುತ್ತಿದ್ದರು. ಮುರಿಯದ ಬಿಲ್ಲೆ ಇದ್ದರೆ ಆ ಮನುಷ್ಯ ಇನ್ನೂ ಅಲ್ಲೇ ಇರಬಹುದು. ಸೋವಿಯತ್ ಸೈನಿಕರ ಬಳಿ ಬೆರಳುದ್ದಕ್ಕಿಂತ ಸಣ್ಣ ಕಪ್ಪು ಕೊಳವೆ ಇರುತ್ತಿತ್ತು, ಒಳಗೆ ಹೆಸರು ಬರೆದ ಕಾಗದ. ಅದರ ಮುಚ್ಚಳ ತೆಗೆಯಲೇಬೇಡಿ. ಗಾಳಿ, ಕೈ ತಾಗಿದರೆ ಕಾಗದ ಹಾಳಾಗುತ್ತದೆ, ಒಬ್ಬನ ಹೆಸರೇ ಅಳಿಸಿಹೋಗುತ್ತದೆ. ಎಲುಬು ಕಂಡರೂ ಅಷ್ಟೇ. ಪೊಲೀಸರಿಗೆ ತಿಳಿಸಿ.

ನೆಲ ಅಗೆಯಬೇಡಿ. ಅಲ್ಲಿ ಯಾರ ಕಾಡಿನಲ್ಲಾದರೂ ನಡೆಯಬಹುದು, ಹಣ್ಣು, ಅಣಬೆ ಕೀಳಬಹುದು, ಆದರೆ ಅಗೆಯುವ ಹಕ್ಕು ಅದರಲ್ಲಿ ಸೇರಿಲ್ಲ. ಜರ್ಮನ್ನರು ಮರದ ಪೆಟ್ಟಿಗೆಯ, ಗಾಜಿನ ನೆಲಬಾಂಬುಗಳನ್ನೂ ಮಾಡಿದ್ದರು. ಲೋಹ ಹುಡುಕುವ ಡಿಟೆಕ್ಟರ್ ಕೂಗಲಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ತಟ್ಟೆಯ ಹಾಗಿನ, ಮೊಟ್ಟೆಯ ಹಾಗಿನ, ಮೇಲೆ ಮೂರು ಮುಳ್ಳಿರುವ ಡಬ್ಬಿಯ ಹಾಗಿನ ವಸ್ತು ಏನೇ ಕಂಡರೂ ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ, 112ಕ್ಕೆ ಫೋನ್ ಮಾಡಿ. ಸಲ್ಲಾ ಕಡೆ ಹೋಗುವವರು ರಷ್ಯಾ ಗಡಿಯ ಹಳದಿ ಫಲಕ ದಾಟಬೇಡಿ, ಅಲ್ಲಿಂದ ಮುಂದೆ ಪರವಾನಗಿ ಬೇಕು.

ಫೋಟೋ ಇಟ್ಟುಕೊಂಡು ರೊವಾನಿಯೆಮಿಯ ಆರ್ಕ್ಟಿಕುಮ್‌ನಲ್ಲಿರುವ ಲ್ಯಾಪ್‌ಲ್ಯಾಂಡ್ ಪ್ರಾಂತ್ಯ ಮ್ಯೂಸಿಯಮ್ಮಿಗೆ, ಇಲ್ಲವೇ ಸಲ್ಲಾದ ಯುದ್ಧ ಮ್ಯೂಸಿಯಮ್ಮಿಗೆ ಹೋಗಿ ಕೇಳಿ. ಊರಿಗೆ ಬರುವಾಗ ನೆನಪಿಗೆಂದು ಖಾಲಿ ತೋಟಾ ಕೂಡ ಬ್ಯಾಗಿನಲ್ಲಿ ಹಾಕಬೇಡಿ. ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಅದು ಬರೀ ತೋಟಾ ಆಗಿ ಕಾಣುತ್ತದೆ, ಆಮೇಲೆ ನಮ್ಮ ಬಜ್ಪೆ ವಿಮಾನ ನಿಲ್ದಾಣ ತಲುಪುವುದು ಸುಲಭ ಇಲ್ಲ.